ಮಗಳು ನನ್ನ ಕೆಲಸವನ್ನೇ ಕೇಳುತ್ತಿದ್ದಾಳೆ, ಏನು ಹೇಳಲಿ?

ಕೇಳಿದವರು: ನವನಗರದ ಅಚ್ಚಿನವ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ್ರೀ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅಂಗಡಿಯಲ್ಲಿ ಈಗ ಗಿರಾಕಿ ಇಲ್ಲ.

ನವನಗರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಕರಪತ್ರ, ಫ್ಲೆಕ್ಸ್, ಜೊತೆಗೆ ಜೆರಾಕ್ಸ್. ಮಗಳು ಈ ಸಲ ಎಸ್ಸೆಸ್ಸೆಲ್ಸಿ ಪಾಸಾದಳು. ಮಾರ್ಕ್ಸ್ ಚೆನ್ನಾಗಿಯೇ ಬಂದಿವೆ. ಹದಿನೈದು ದಿನದಿಂದ ಮನೆಯಲ್ಲಿ ಒಂದೇ ಮಾತು, ಮುಂದೇನು?

ಅವರವ್ವ ಪಿಯುಸಿಯಲ್ಲಿ ಪಿಸಿಎಂಬಿ, ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ ಅನ್ನುತ್ತಾಳೆ. ನೀಟ್ ಬರೆಯಲಿ, ಡಾಕ್ಟರ್ ಆಗಲಿ, ಆಗದಿದ್ದರೆ ತೋಟಗಾರಿಕೆ ವಿಶ್ವವಿದ್ಯಾಲಯ ಊರಲ್ಲೇ ಇದೆಯಲ್ಲ ಎಂಬುದು ಅವಳ ಲೆಕ್ಕ. ಹುಬ್ಬಳ್ಳಿಯಲ್ಲಿರುವ ಅವಳ ತಮ್ಮ ಫೋನ್ ಮಾಡಿ, "ಕಂಪ್ಯೂಟರ್ ಸೈನ್ಸ್ ಕಡೆ ತಲಿ ಹಾಕಬ್ಯಾಡ್ರಿ, ಎಐ ಎಲ್ಲಾ ನುಂಗತೈತಿ" ಎಂದ. ಮರುದಿನವೇ ಒಬ್ಬ ಕೋಚಿಂಗ್‌ನವರು ಬಂದು ಎಐ ಬ್ಯಾಚಿನ ಕರಪತ್ರ ಮಾಡಿಸಿದರು. ಐದು ಸಾವಿರ ಪ್ರತಿ. ಒಕ್ಕಣೆಯನ್ನು ಚಾಟ್‌ಜಿಪಿಟಿಯಿಂದಲೇ ಬರೆಸಿಕೊಂಡು ಬಂದಿದ್ದರು. "ನಿಮ್ಮ ಮಗುವಿನ ಭವಿಷ್ಯವನ್ನು ಅನ್‌ಲಾಕ್ ಮಾಡಿ" ಅಂತ ಇತ್ತು. ಹಾಗೇ ಅಚ್ಚು ಹಾಕಿ ಕೊಟ್ಟೆ. ದುಡ್ಡು ಕೊಡುವವರು ಅವರು.

ಮಗಳದ್ದೇ ಬೇರೆ. "ಅಪ್ಪಾ, ನಾ ಡಿಸೈನ್ ಕಲಿತೀನಿ. ಅಕ್ಷರ ಬರಿತೀನಿ" ಅನ್ನುತ್ತಾಳೆ. ನೋಟ್‌ಬುಕ್ಕಿನ ಕೊನೆ ಹಾಳೆಗಳ ತುಂಬ ಅ, ಕ್ಷ, ಜ್ಞ ಬರೆದಿಟ್ಟಿದ್ದಾಳೆ. ಚೆನ್ನಾಗಿವೆ, ಸುಳ್ಳು ಯಾಕೆ ಹೇಳಲಿ. ಕೇಳಿ ನನಗೆ ಖುಷಿಯಾಗಬೇಕಿತ್ತು. ಎದೆ ಧಸಕ್ಕೆಂದಿತು.

ಯಾಕೆಂದರೆ ಮೊದಲು ಲಗ್ನದ ಸೀಸನ್‌ನಲ್ಲಿ ಅಂಗಡಿಯಲ್ಲಿ ಇಬ್ಬರು ಹುಡುಗರು ಇರುತ್ತಿದ್ದರು. ಈಗ ನಾನೊಬ್ಬನೇ. ಗಿರಾಕಿಗಳು ಮೊಬೈಲಿನಲ್ಲೇ ಡಿಸೈನ್ ತರುತ್ತಾರೆ. "ಪ್ರಿಂಟ್ ಅಷ್ಟ ಹಾಕ್ರಿ" ಅನ್ನುತ್ತಾರೆ. ಡಿಸೈನಿಗೆ ಅಂತ ಸಿಗುತ್ತಿದ್ದ ಐದುನೂರು ರೂಪಾಯಿ ಹೋಯಿತು. ಮೊದಮೊದಲು ಎಐ ಮಾಡಿದ ಚಿತ್ರದಲ್ಲಿ ಕನ್ನಡ ಬಂದರೆ ನಗು ಬರುತ್ತಿತ್ತು. ಒತ್ತಕ್ಷರ ಒಂದು ಕಡೆ, ಕೊಂಬು ಒಂದು ಕಡೆ, ಜಿಲೇಬಿ ಚೆಲ್ಲಿದ ಹಾಗೆ. ನಾನೂ ಮಗಳೂ ಅದನ್ನು ನೋಡಿ ನಕ್ಕಿದ್ದೇ ನಕ್ಕಿದ್ದು. ಈ ಯುಗಾದಿಗೆ ಒಬ್ಬರು ತಂದ ಬ್ಯಾನರಿನಲ್ಲಿ ಒಂದೇ ಒಂದು ತಪ್ಪಿತ್ತು. "ಹಾರ್ದಿಕ" ಎಂಬಲ್ಲಿ ಅರ್ಕಾವತ್ತು ಜಾಗ ತಪ್ಪಿತ್ತು, ಅಷ್ಟೇ. ಅವತ್ತು ನಗು ಬರಲಿಲ್ಲ.

ಹಿಂದೆ ಇಂಥದ್ದು ಒಮ್ಮೆ ಆಗಿದೆ. ಹಳೆ ಬಾಗಲಕೋಟೆಯಲ್ಲಿ ನಮ್ಮಪ್ಪನ ಅಚ್ಚುಕೂಟ ಇತ್ತು. ಟ್ರೆಡಲ್ ಮಷಿನ್, ಗೂಡುಗೂಡಿನ ಮರದ ಪೆಟ್ಟಿಗೆಯಲ್ಲಿ ಸೀಸದ ಮೊಳೆಗಳು. ಮೊಳೆ ಜೋಡಿಸಲು ಇಬ್ಬರಿದ್ದರು. ಇಬ್ಬರ ಕೈಯೂ ಒಂದೇ ಚುರುಕು. 1998ರಲ್ಲಿ ನಾನು ಕಂಪ್ಯೂಟರ್ ತಂದೆ. ಪುಟ ಜೋಡಿಸಲು ಪೇಜ್‌ಮೇಕರ್, ಕನ್ನಡ ಅಕ್ಷರಕ್ಕೆ ಶ್ರೀಲಿಪಿ. ಮೊಳೆಗಳನ್ನು ಕಿಲೋ ಲೆಕ್ಕದಲ್ಲಿ ಮಾರಿದೆವು. ಅವರಿಬ್ಬರಲ್ಲಿ ಒಬ್ಬರಿಗೆ ಕಂಪ್ಯೂಟರ್ ಕಲಿಸಿದೆ. ಇನ್ನೊಬ್ಬರು ಸಂತೆಯಲ್ಲಿ ಬಳೆ ಮಾರಲು ಹೋದರು. ಅವರಿಗೆ ಬುದ್ಧಿ ಕಡಿಮೆ ಇತ್ತು ಅಂತಲ್ಲ. ಕಂಪ್ಯೂಟರ್ ಒಂದೇ ಇತ್ತು.

ನಾವು ಮುಳುಗಡೆ ಮಂದಿ, ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟವರು. ಆದರೆ ಮುಳುಗಡೆಗೆ ಒಂದು ಲೆಕ್ಕ ಇತ್ತು. ಆಲಮಟ್ಟಿಯಲ್ಲಿ ನೀರು 519.60 ಮೀಟರ್ ನಿಂತರೆ ಹಿನ್ನೀರು ಎಲ್ಲಿಗೆ ಬರುತ್ತದೆ, 524.256 ಮೀಟರ್ ಆದರೆ ಎಲ್ಲಿಗೆ ಅಂತ ಕಾಗದದ ಮೇಲೆ ಬರೆದಿತ್ತು. ಮನೆ ಗೋಡೆಗೆ ನಂಬರು ಬರೆದು ಹೋಗಿದ್ದರು. ಬೈದೆವು, ಅತ್ತೆವು, ಪರಿಹಾರ ಸಾಲದು ಅಂತ ಜಗಳವಾಡಿದೆವು. ಆದರೂ ಎಲ್ಲಿ ಮನೆ ಕಟ್ಟಿದರೆ ನೀರು ಬರಲ್ಲ ಅನ್ನುವುದು ಗೊತ್ತಿತ್ತು. ಈ ಎಐ ಎಷ್ಟು ಮೀಟರ್ ಏರುತ್ತದೆ ಅಂತ ಯಾರೂ ಬರೆದು ಕೊಡುತ್ತಿಲ್ಲ.

ನನ್ನ ಪ್ರಶ್ನೆ ಇಷ್ಟೇ. ನೀರು ಬರದ ಜಾಗ ಯಾವುದು? ಮಗಳಿಗೆ ಡಿಸೈನ್ ಬೇಡ ಅನ್ನಲಾ? ಅಥವಾ ನನ್ನ ಹೆದರಿಕೆಯನ್ನು ಸುಮ್ನೆ ಅವಳ ತಲೆಗೆ ಕಟ್ಟುತ್ತಿದ್ದೇನಾ?

ಉತ್ತರ: ಉದ್ಯಮಬಾಗದ ಟರ್ನರ್, ಬೆಳಗಾವಿ

ಸಾಹೇಬ್ರ, ನಾನು ಐಟಿಐ ಟರ್ನರ್. ಕೈಯಿಂದ ನಡೆಸುವ ಲೇಥ್ ಮೇಲೆ ಶುರು ಮಾಡಿ ಈಗ ಮೂರು ಸಿಎನ್‌ಸಿ, ಒಂದು ವಿಎಂಸಿ ಇಟ್ಟುಕೊಂಡಿದ್ದೇನೆ, ಅಂದರೆ ಕಂಪ್ಯೂಟರ್ ಪ್ರೋಗ್ರಾಮ್ ಹೇಳಿದಂತೆ ಲೋಹ ಕತ್ತರಿಸುವ ಮಷಿನ್‌ಗಳು. ಬೀಡಿನ ಕಾಸ್ಟಿಂಗ್ ಬರುತ್ತದೆ, ಮಷಿನಿಂಗ್ ಮಾಡಿ ಕಳಿಸುತ್ತೇವೆ. ಸಿಎನ್‌ಸಿ ಬಂದಾಗ ನಮಗೂ ಹೇಳಿದ್ದರು, ಟರ್ನರುಗಳ ಕಥೆ ಮುಗಿಯಿತು ಅಂತ. ಅರ್ಧ ನಿಜ. ಬರೀ ಹ್ಯಾಂಡಲ್ ತಿರುಗಿಸುತ್ತಿದ್ದವರ ಕಥೆ ಮುಗಿಯಿತು.

ಹೋದ ತಿಂಗಳದ್ದು ಹೇಳುತ್ತೇನೆ. ಹೊಸದಾಗಿ ಸೇರಿದ ಹುಡುಗ ಎಐ ಹತ್ತಿರ ಪ್ರೋಗ್ರಾಮ್ ಬರೆಸಿದ. ಎರಡು ನಿಮಿಷದಲ್ಲಿ ಬಂತು, ನೋಡಲು ಚೊಕ್ಕಟವಾಗಿತ್ತು. ಒಂದು ಸಾಲಿನಲ್ಲಿ ಜಿ00 ಇತ್ತು. ಜಿ00 ಅಂದರೆ ಟೂಲ್ ಕತ್ತರಿಸದೆ ಗಾಳಿಯಲ್ಲಿ ಓಡುವ ಓಟ. ಕತ್ತರಿಸುವ ನಡಿಗೆ ಜಿ01. ಆ ಓಟದ ದಾರಿಯಲ್ಲಿ ಜಾಬನ್ನು, ಅಂದರೆ ಕತ್ತರಿಸಬೇಕಾದ ತುಂಡನ್ನು, ಹಿಡಿದಿಡುವ ನಮ್ಮ ಕ್ಲಾಂಪ್ ಕೂತಿತ್ತು. ನಾವು ಜಾಬನ್ನು ಎಲ್ಲಿ ಹಿಡಿದಿದ್ದೇವೆ ಅನ್ನುವುದು ಅದಕ್ಕೆ ಹೇಗೆ ಗೊತ್ತಾಗಬೇಕು? ಸಿಂಗಲ್ ಬ್ಲಾಕ್‌ನಲ್ಲಿ ಒಂದೊಂದೇ ಸಾಲು ಓಡಿಸುತ್ತಿದ್ದೆ, ಅದಕ್ಕೇ ಉಳಿಯಿತು. ಇಲ್ಲದಿದ್ದರೆ ಟೂಲ್ ಹಿಡಿದು ತಿರುಗುವ ಸ್ಪಿಂಡಲ್ಲೇ ಹೋಗುತ್ತಿತ್ತು, ಲಕ್ಷಗಟ್ಟಲೆ.

ಕಾಸ್ಟಿಂಗ್ ಒಳಗೆ ಗಾಳಿಗುಳ್ಳೆ ಇದ್ದರೆ ಟೂಲಿನ ಸದ್ದೇ ಬದಲಾಗುತ್ತದೆ. ಆ ಸದ್ದು ಕೇಳುವವರು ಸಿಗುತ್ತಿಲ್ಲ ನನಗೆ. ಬಿಇ ಮಾಡಿದವರು ಬರುತ್ತಾರೆ, ಅಳತೆ ನೋಡುವ ವರ್ನಿಯರ್ ಕೈಗೆ ಕೊಟ್ಟರೆ ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಾರೆ.

ಅದಕ್ಕೆ ಹೇಳುವುದು, ಮೊದಲು ಕೈಯಿಂದ ಒಂದು ಕೆಲಸ ಬರಬೇಕು, ಆಮೇಲೆ ಕಂಪ್ಯೂಟರ್. ಪಿಯುಸಿಯೇ ಆಗಬೇಕೆಂದಿಲ್ಲ. ಡಿಪ್ಲೊಮಾ ಮೂರು ವರ್ಷ, ಆಮೇಲೆ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ನೇರ ಸೇರಬಹುದು. ಟೂಲ್ ಅಂಡ್ ಡೈ ಮಾಡುವುದಾದರೆ ಸರ್ಕಾರದ ತರಬೇತಿ ಕೇಂದ್ರ ಜಿಟಿಟಿಸಿ ನಮ್ಮಲ್ಲೂ ಇದೆ. ಹೆಣ್ಣುಮಕ್ಕಳು ಈಗ ಬರುತ್ತಿದ್ದಾರೆ. ನನ್ನ ಅಂಗಡಿಯಲ್ಲಿ ಅಳತೆ ತಪಾಸಣೆಗೆ ಇರುವವಳು ಹುಡುಗಿಯೇ. ಅವಳು ಸರಿ ಅನ್ನದೆ ಮಾಲು ಹೊರಗೆ ಹೋಗಲ್ಲ.

ಉತ್ತರ: ಹೊಲ ಮನಿ, ತಾಳಿಕೋಟೆ

ಇಷ್ಟೆಲ್ಲಾ ತಲಿ ಯಾಕ ಕೆಡಿಸ್ಕೋತೀರಿ. ಒಂದು ಜೆಸಿಬಿ ಕೊಡಸ್ರಿ. ಚಾಟ್‌ಜಿಪಿಟಿ ಬಂದು ಕಾಲುವಿ ಹಡ್ಡತೈತೇನು?

ಉತ್ತರ: ಎಕ್ಸ್‌ರೇ ಅಕ್ಕ, ವಿಜಯಪುರ

ಅಣ್ಣಾರೇ, ನಾನು ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಕ್ಸ್‌ರೇ ಟೆಕ್ನಿಷಿಯನ್. ನಿಮ್ಮ ಮನೆಯವರ "ಡಾಕ್ಟರ್ ಆಗಲಿ" ಮಾತಿಗೆ ಒಂದೆರಡು ಹೇಳಬೇಕು.

ಜೆಫ್ರಿ ಹಿಂಟನ್ ಅಂತ ಒಬ್ಬರಿದ್ದಾರೆ, ಈ ಎಐ ವಿದ್ಯೆಗೆ ಬುನಾದಿ ಹಾಕಿದವರಲ್ಲಿ ಒಬ್ಬರು. 2024ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು. ಅವರು 2016ರಲ್ಲಿ ಹೇಳಿದ್ದರು, ಇನ್ನು ರೇಡಿಯಾಲಜಿಸ್ಟ್‌ಗಳಿಗೆ, ಅಂದರೆ ಎಕ್ಸ್‌ರೇ, ಸ್ಕ್ಯಾನ್ ಚಿತ್ರ ಓದುವ ಡಾಕ್ಟರುಗಳಿಗೆ, ತರಬೇತಿ ಕೊಡುವುದನ್ನೇ ನಿಲ್ಲಿಸಬೇಕು, ಐದು ವರ್ಷದಲ್ಲಿ ಯಂತ್ರವೇ ಅವರಿಗಿಂತ ಚೆನ್ನಾಗಿ ನೋಡುತ್ತದೆ ಅಂತ. ಐದು ವರ್ಷ ಎಂದೋ ಮುಗಿಯಿತು. ನಮ್ಮಲ್ಲಿ ರಿಪೋರ್ಟ್ ಓದುವ ಡಾಕ್ಟರ್ ಸಿಗದೆ ಚಿತ್ರಗಳನ್ನು ಬೇರೆ ಊರಿಗೆ ಕಳಿಸಿ ಕಾಯುತ್ತೇವೆ. ಅಷ್ಟು ದೊಡ್ಡವರ ಲೆಕ್ಕವೇ ತಪ್ಪಿತು ಅಂದಮೇಲೆ ಕೋಚಿಂಗ್‌ನವರ ಕರಪತ್ರ ಯಾವ ಲೆಕ್ಕ?

ಹಾಗಂತ ಯಂತ್ರಕ್ಕೆ ಏನೂ ಬರಲ್ಲ ಅಂತಲ್ಲ. ಎದೆಯ ಎಕ್ಸ್‌ರೇಯಲ್ಲಿ ಕ್ಷಯದ ಗುರುತು ಹುಡುಕುವ ಸಾಫ್ಟ್‌ವೇರ್ ಬಳಸಬಹುದು ಅಂತ 2021ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ, ಹದಿನೈದು ವರ್ಷ ದಾಟಿದವರಿಗೆ. ಅದು ಚಿತ್ರ ನೋಡುತ್ತದೆ. ಆದರೆ ಚಿತ್ರ ಬರಬೇಕಲ್ಲ. ಹಳ್ಳಿಯಿಂದ ಬಂದ ಮುದುಕಿಗೆ "ಅಮ್ಮಾ, ಉಸಿರು ಜಗ್ಗಿ ಹಿಡಕೋ, ಬಿಡಬ್ಯಾಡ" ಅಂತ ಮೂರು ಸಲ ಹೇಳಿ, ಅವಳ ಬೆನ್ನು ನೆಟ್ಟಗೆ ಮಾಡಿ, ಕೊರಳ ಸರ ತೆಗೆಸಿ ನಿಲ್ಲಿಸುವವಳು ನಾನು. ಅವಳು ಅಲುಗಾಡಿದರೆ ಎಐ ಆಗಲಿ ಡಾಕ್ಟರ್ ಆಗಲಿ ನೋಡುವುದು ಮಬ್ಬನ್ನೇ.

ಕೆಲಸ ಹೋಗಿದ್ದು ಯಾರದು ಗೊತ್ತಾ? ಡಾಕ್ಟರ್ ಹೇಳಿದ್ದನ್ನು ಟೈಪ್ ಮಾಡುತ್ತಿದ್ದ ಹುಡುಗಿಯದು. ಈಗ ಡಾಕ್ಟರ್ ಮೈಕಿನಲ್ಲಿ ಮಾತಾಡುತ್ತಾರೆ, ಅದೇ ಬರೆದುಕೊಳ್ಳುತ್ತದೆ. ಒಂದೇ ಕಟ್ಟಡ, ಒಂದೇ ಕಾರಿಡಾರ್. ನನ್ನ ಕುರ್ಚಿ ಉಳಿಯಿತು, ಅವಳ ಕುರ್ಚಿ ಹೋಯಿತು. ಹಾಗಾಗಿ ಆಸ್ಪತ್ರೆ ಕೆಲಸ ಸೇಫು, ಕಂಪ್ಯೂಟರ್ ಕೆಲಸ ಡೇಂಜರ್ ಅಂತ ಗೆರೆ ಎಳೆಯಬೇಡಿ. ಮತ್ತೆ, ಮನಸ್ಸಿಲ್ಲದ ಮಗುವನ್ನು ನೀಟ್‌ಗೆ ಕೂಡಿಸಬೇಡಿ. ನಮ್ಮ ಅಕ್ಕನ ಮಗ ಎರಡು ವರ್ಷ ರಿಪೀಟ್ ಮಾಡಿ ಮಾತಾಡುವುದನ್ನೇ ಬಿಟ್ಟಿದ್ದ. ಅದನ್ನು ಇಲ್ಲಿ ಜಾಸ್ತಿ ಬರೆಯಲ್ಲ.

ಉತ್ತರ: ಮುಧೋಳದವ, ಸದ್ಯ ಬೆಂಗಳೂರು

ಕಾಕಾ, ಟರ್ನರ್ ಕಾಕಾ ಹೇಳಿದ್ದು ಕೇಳಲು ಚೆನ್ನಾಗಿದೆ. ಆದರೆ ವರ್ನಿಯರ್ ಹಿಡಿಯಲು ಬಂದವರಿಗೆ ತಿಂಗಳಿಗೆ ಎಷ್ಟು ಕೊಡುತ್ತಾರೆ ಅಂತ ಅವರು ಬರೆಯಲಿಲ್ಲ. ಸಿಟ್ಟಾಗಬೇಡಿ ಕಾಕಾ.

ನಾನು ಕಂಪ್ಯೂಟರ್ ಸೈನ್ಸ್ ಬಿಇ, 2024ರಲ್ಲಿ ಮುಗಿಸಿದೆ. ಒಂಬತ್ತು ತಿಂಗಳು ಮನೆಯಲ್ಲಿ ಕೂತಿದ್ದೆ. ಊರಲ್ಲಿ "ಏನಪ್ಪಾ, ಇನ್ನೂ ಇಲ್ಲೇ ಅದೀಯಲ್ಲ" ಅನ್ನುವವರ ಕಣ್ಣು ತಪ್ಪಿಸಿ ಹಿಂದಿನ ಓಣಿಯಲ್ಲಿ ಓಡಾಡಿದ್ದೇನೆ. ಈಗ ಒಂದು ಸಣ್ಣ ಕಂಪನಿಯಲ್ಲಿದ್ದೇನೆ. ಕೋಡ್ ಜಾಸ್ತಿ ಎಐ ಬರೆಯುತ್ತದೆ. ಓದಿ ತಪ್ಪು ಹಿಡಿಯುವುದು ನನ್ನ ಕೆಲಸ. ತಪ್ಪು ಹಿಡಿಯಬೇಕಾದರೆ ಮೊದಲು ಬರೆದು ಬರೆದು ಕಲಿತಿರಬೇಕು ಅಲ್ವಾ? ಹಿಂದೆ ಹೊಸಬರಿಗೆ ಸಣ್ಣಪುಟ್ಟ ಕೆಲಸ ಕೊಟ್ಟು ಕಲಿಸುತ್ತಿದ್ದರು. ಆ ಸಣ್ಣಪುಟ್ಟದ್ದನ್ನೇ ಈಗ ಯಂತ್ರ ಮಾಡುತ್ತದೆ. ಏಣಿ ಇದೆ, ಕೆಳಗಿನ ಎರಡು ಮೆಟ್ಟಿಲು ಮಾತ್ರ ಇಲ್ಲ. ಭಾವಮೈದುನ ಹೇಳಿದ "ನುಂಗತೈತಿ" ಎಂದರೆ ನನ್ನ ಪ್ರಕಾರ ಇದು.

ತಂಗಿಗೆ ಒಂದು ಅನುಕೂಲ ಇದೆ. ಆ ಕೆಳಗಿನ ಮೆಟ್ಟಿಲು ಅವಳ ಮನೆಯಲ್ಲೇ ಇದೆ, ನಿಮ್ಮ ಅಂಗಡಿ. ನನಗೆ ಅಂಥದ್ದು ಇರಲಿಲ್ಲ.

ಇನ್ನು ಗಣಿತ ಬಿಡಿಸಬೇಡಿ. ಡಿಸೈನ್ ಕಲಿಯಲು ರಾಷ್ಟ್ರೀಯ ಡಿಸೈನ್ ಸಂಸ್ಥೆ ಎನ್‌ಐಡಿಯ ಪರೀಕ್ಷೆಗಾಗಲಿ, ಐಐಟಿ ಬಾಂಬೆ ನಡೆಸುವ ಯುಸೀಡ್ ಪರೀಕ್ಷೆಗಾಗಲಿ ಸೈನ್ಸೇ ಓದಿರಬೇಕು ಅಂತಿಲ್ಲ, ಆರ್ಟ್ಸ್‌ನವರೂ ಬರೆಯಬಹುದು. ಆದರೆ ನಾಳೆ ಆರ್ಕಿಟೆಕ್ಚರ್ ಬೇಕು ಅನ್ನಿಸಿದರೆ ಗಣಿತ ಬೇಕೇ ಬೇಕು. ಪಿಸಿಎಂಸಿ, ಅಂದರೆ ಬಯಾಲಜಿ ಬದಲು ಕಂಪ್ಯೂಟರ್ ಸೈನ್ಸ್, ತೆಗೆದುಕೊಂಡರೆ ಇಂಜಿನಿಯರಿಂಗ್, ಆರ್ಕಿಟೆಕ್ಚರ್, ಡಿಸೈನ್ ಮೂರೂ ಕೈಯಲ್ಲಿರುತ್ತವೆ. ಬಯಾಲಜಿ ಕೇಳುವ ನೀಟ್, ತೋಟಗಾರಿಕೆ ಹೋಗುತ್ತವೆ. ಹೋಗಲಿ ಬಿಡಿ, ಅವಳು ಕೇಳಿಲ್ಲವಲ್ಲ. ಮತ್ತೆ ಬ್ರಾಂಚ್ ಹೆಸರಿನಲ್ಲಿ ಎಐ ಅಂತ ಇದೆ ಅನ್ನೋ ಒಂದೇ ಕಾರಣಕ್ಕೆ ಜಾಸ್ತಿ ಡೊನೇಶನ್ ಕೊಡಬೇಡಿ. ನಮ್ಮ ಕಾಲೇಜಿನಲ್ಲಿ ಎಐ ಬ್ರಾಂಚಿನವರೂ ಬರೀ ಕಂಪ್ಯೂಟರ್ ಸೈನ್ಸ್‌ನವರೂ ಮೊದಲ ವರ್ಷ ಹೆಚ್ಚುಕಮ್ಮಿ ಅದನ್ನೇ ಓದುತ್ತಿದ್ದೆವು.

ಉತ್ತರ: ಇಳಕಲ್ ಸೊಸೆ

ಎಲ್ಲರೂ ಕೈಕೆಲಸ, ಕೈಕೆಲಸ ಅನ್ನುತ್ತಿದ್ದೀರಿ. ನಮ್ಮ ಮನೆಯಲ್ಲಿ ಕೈಮಗ್ಗ ಇತ್ತು, ಅದಕ್ಕೆ ಬರೆಯುತ್ತಿದ್ದೇನೆ.

ಇಳಕಲ್ ಸೀರೆಯ ಮೈಯ ಹಾಸಿಗೂ (ಉದ್ದದ ಎಳೆಗಳಿಗೂ) ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕುತ್ತಾರೆ. ನಮ್ಮ ಮಾವ ಕಣ್ಣು ಮುಚ್ಚಿಕೊಂಡು ಕೊಂಡಿ ಹಾಕುತ್ತಿದ್ದರು ಅಂತ ಓಣಿಯಲ್ಲೆಲ್ಲ ಹೆಸರು. ಪವರ್‌ಲೂಮ್ ಸೀರೆ ಬಂತು. ದೂರದಿಂದ ನೋಡಿದರೆ ಹಾಗೇ ಕಾಣುತ್ತದೆ, ಬೆಲೆ ಮಾತ್ರ ಎಷ್ಟೋ ಕಡಿಮೆ. ಮಾವನ ಕೊಂಡಿ ಯಂತ್ರಕ್ಕೆ ಬರಲಿಲ್ಲ ಅನ್ನೋಣ. ಆದರೆ ಕೊಂಡಿ ಇದ್ದರೂ ಇಲ್ಲದಿದ್ದರೂ ಕೊಳ್ಳುವವರಿಗೆ ನಡೆಯಿತು. ಇಳಕಲ್ ಸೀರೆಗೆ ಈ ಊರಿನದೇ ಅನ್ನುವ ಜಿಐ ಗುರುತು ಸಿಕ್ಕಿದೆ, ಹೆಸರು ದೊಡ್ಡದಾಯಿತು, ಕೈಮಗ್ಗದ ಸೀರೆ ಈಗಲೂ ಇದೆ. ನಮ್ಮ ಮನೆಯ ಮಗ್ಗ ಇಲ್ಲ. ಅಟ್ಟದ ಮೇಲೆ ಕಟ್ಟಿಗೆ ಇದೆ.

ಮನೆ ನಡೆಸಿದ್ದು ಯಾರು ಅಂದರೆ ನಮ್ಮತ್ತಿ. ಅವರಿಗೆ ನೇಯಲು ಬರುತ್ತಿರಲಿಲ್ಲ. ಗಂಟು ಕಟ್ಟಿಕೊಂಡು ವಿಜಯಪುರ, ಸೊಲ್ಲಾಪುರ ಅಂತ ಮನೆಮನೆಗೆ ಹೋಗಿ ಮಾರುತ್ತಿದ್ದರು. ಯಾರ ಮನೆಯಲ್ಲಿ ಯಾವಾಗ ಕುಬಸ, ಯಾವಾಗ ಲಗ್ನ, ಯಾರಿಗೆ ಯಾವ ದಡಿ ಸೇರುತ್ತದೆ, ಎಲ್ಲ ಬಾಯಿಪಾಠ. ಅಣ್ಣಾರೇ, ಯಂತ್ರಕ್ಕೆ ಏನು ಬರಲ್ಲ ಅಂತ ಹುಡುಕುವುದಕ್ಕಿಂತ, ಗಿರಾಕಿ ಯಾವುದಕ್ಕೆ ರೊಕ್ಕ ಬಿಚ್ಚುತ್ತಾರೆ ಅಂತ ಮಗಳಿಗೆ ತೋರಿಸಿ. ಅಕ್ಷರ ಬರೆಯಲಿ, ಬೇಡ ಅನ್ನಬೇಡಿ. ಅದರ ಜೊತೆ ಅಂಗಡಿಯ ಗಲ್ಲೆಯ ಮೇಲೂ ಕೂರಲಿ.

ಮತ್ತೆ: ನವನಗರದ ಅಚ್ಚಿನವ, ಬಾಗಲಕೋಟೆ

ಎಲ್ಲರಿಗೂ ದೊಡ್ಡ ನಮಸ್ಕಾರ. ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ, ಯಾಕೆಂದರೆ ಇಳಕಲ್ ಅಕ್ಕ ಹೇಳಿದ ಹಾಗೆ ಮಗಳನ್ನು ಗಲ್ಲೆಯ ಮೇಲೆ ಕೂರಿಸಿದ್ದೆ.

ಮೊದಲ ದಿನ ಮೊಬೈಲ್ ನೋಡುತ್ತಾ ಕೂತಳು. ಎರಡನೇ ದಿನ ರಾಂಪುರ ಕಡೆಯವರೊಬ್ಬರು ಲಗ್ನಪತ್ರಿಕೆ ತಂದರು. ಎಐನಿಂದಲೇ ಮಾಡಿದ್ದು, ಬಣ್ಣ, ಬಳ್ಳಿ, ನವಿಲು ಎಲ್ಲ ಭರ್ಜರಿ. ಅಕ್ಷರ ಕೂಡ ಸರಿ ಇತ್ತು. ನಾನು ಕಾಗದದ ದರ ಹೇಳುತ್ತಿದ್ದೆ. ಇವಳು ಬಗ್ಗಿ ನೋಡಿ, "ಕಾಕಾ, ಹುಡುಗಿ ಸೋದರಮಾವನ ಹೆಸರ ಎಲ್ಲೈತ್ರಿ?" ಎಂದಳು. ಅವರು ಹಣೆ ಬಡಿದುಕೊಂಡರು. ಹೊರಗೆ ಹೋಗಿ ಅರ್ಧ ತಾಸು ಫೋನಿನಲ್ಲಿ ಮಾತಾಡಿ ಬಂದರು. ಸೋದರಮಾವ ಇಬ್ಬರಂತೆ, ಯಾರ ಹೆಸರು ಮೇಲೆ ಅನ್ನುವುದು ಇನ್ನೊಂದು ಜಗಳ. ಇವಳೇ ಹೇಳಿದಳು, ಮೇಲೆ ಕೆಳಗೆ ಬೇಡ, ಅಕ್ಕಪಕ್ಕ ಹಾಕೋಣ, ದೊಡ್ಡವರು ಎಡಕ್ಕೆ ಅಂತ. ಡಿಸೈನ್ ಬದಲಿಸಿದ್ದಕ್ಕೆ ನಾವು ಕೇಳದೆಯೇ ಅವರು ಇನ್ನೂರು ರೂಪಾಯಿ ಜಾಸ್ತಿ ಕೊಟ್ಟರು. ಇವಳಿಗೆ ಇದೆಲ್ಲ ಹೇಗೆ ಗೊತ್ತು ಅಂದರೆ, ರಾತ್ರಿ ಊಟಕ್ಕೆ ಕೂತಾಗ ನಾನು ಗಿರಾಕಿಗಳ ಜಗಳ ಹೇಳಿಕೊಂಡು ಬೈಯುತ್ತಿರುತ್ತೇನಲ್ಲ, ಅದನ್ನು ಕೇಳಿ ಕೇಳಿ. ನಾನು ಅದನ್ನು ಕೆಲಸ ಅಂದುಕೊಂಡಿರಲೇ ಇಲ್ಲ, ಪೀಡೆ ಅಂದುಕೊಂಡಿದ್ದೆ.

ಆದರೆ ಇವಳಿಗೆ ಸೋದರಮಾವಂದಿರ ಜಗಳ ಬಿಡಿಸುತ್ತಾ ಕೂರುವ ಆಸೆ ಇಲ್ಲ. ಅದನ್ನೂ ಹೇಳಿದಳು. ಅಕ್ಷರವೇ ಬೇಕಂತೆ. ಫಾಂಟ್ ಒಳಗೆ ಯಾವ ಅಕ್ಷರಕ್ಕೆ ಯಾವ ಒತ್ತು ಎಲ್ಲಿ ಕೂರಬೇಕು ಅನ್ನುವುದಕ್ಕೆ ನಿಯಮ ಬರೆಯುತ್ತಾರಂತೆ, ಅದಕ್ಕೆ ಕಂಪ್ಯೂಟರೂ ಬೇಕು, ಕೈಯೂ ಬೇಕು. ಅಂಗಡಿಯಲ್ಲಿ ಕೂತಾಗಲೇ ಹುಡುಕಿ ಓದಿದ್ದಾಳೆ. ಆ ಮೊಬೈಲ್ ನೋಡುತ್ತಿದ್ದದ್ದು ಅದಕ್ಕಂತೆ. ಬೈದಿದ್ದೆ ನಾನು.

ಸಂಜೆ ಬಾಗಿಲು ಹಾಕುವಾಗ ಕೇಳಿದಳು, "ಅಪ್ಪಾ, ನೀ ಕಂಪ್ಯೂಟರ್ ತಂದಾಗ ಅಜ್ಜ ಏನಂದಿದ್ದ?" ಅಜ್ಜ ನಾಲ್ಕು ದಿನದ ಆಟ ಅಂದಿದ್ದ. ನಾನು ಕೇಳದೆ ಸಾಲ ಮಾಡಿ ತಂದಿದ್ದೆ. ಹೇಳಿದೆ. ಅವಳು ಮತ್ತೇನೂ ಅನ್ನಲಿಲ್ಲ, ಶಟರ್ ಎಳೆಯಲು ಕೈ ಹಚ್ಚಿದಳು. ಬಳೆ ಮಾರಲು ಹೋದವರ ಕಥೆಯನ್ನೂ ಅವತ್ತೇ ಹೇಳಿದೆ. ಬರೀ ಗೆದ್ದವರ ಕಥೆ ಹೇಳಿ ಕಳಿಸಬಾರದು ಅನ್ನಿಸಿತು.

ಪಿಸಿಎಂಸಿಗೆ ಹಾಕುತ್ತಿದ್ದೇವೆ. ನಾಳೆ ಫಾರ್ಮ್ ತುಂಬಲು ಹೋಗಬೇಕು. ಅವರವ್ವ ಇನ್ನೂ ಮುಖ ಗಂಟು ಹಾಕಿಕೊಂಡೇ ಇದ್ದಾಳೆ. ಮುಧೋಳದ ತಮ್ಮಾ, ನಿನ್ನ ಉತ್ತರವನ್ನು ಅವಳಿಗೆ ಓದಿ ಹೇಳಿದೆ. "ಒಂಬತ್ತು ತಿಂಗಳು ಮನ್ಯಾಗ ಕುಂತಿದ್ನಂತ, ಪಾಪ" ಅಂದಳು. ಉಳಿದದ್ದು ಕಿವಿಗೆ ಹೋಗಲಿಲ್ಲ.

ತಾಳಿಕೋಟೆ ಅಣ್ಣಾರಿಗೆ ಒಂದು ಪ್ರಶ್ನೆ, ಮಗಳು ಕೇಳುತ್ತಿದ್ದಾಳೆ. ಜೆಸಿಬಿ ಹಿಂದೆ ಬರೆಸುತ್ತಾರಲ್ಲ ಹೆಸರು, ಅದನ್ನು ನಿಮ್ಮಲ್ಲಿ ಯಾರ ಹತ್ತಿರ ಬರೆಸುತ್ತೀರಿ? ಚದರ ಅಡಿಗೆ ಎಷ್ಟು ಕೊಡುತ್ತೀರಿ?